ನೆಗಡಿ ಮಾತ್ರೆ, ಇಲಿ ಮೈಲಿನ್: ನನ್ನ ಅನುಭವ

ಕ್ಲೆಮಾಸ್ಟೀನ್ ಗೊತ್ತಲ್ಲ, ಸೀನು, ಮೂಗು ಸೋರೋದಕ್ಕೆ ಕೊಡೋ ಹಳೇ ಅಲರ್ಜಿ ಮಾತ್ರೆ. ಅಮೆರಿಕದ ಯುಸಿಎಸ್ಎಫ್ ಯೂನಿವರ್ಸಿಟಿಯವ್ರು ಎಂಎಸ್ (ನರಗಳ ಮೇಲಿರೋ ಮೈಲಿನ್ ಅನ್ನೋ ಕೊಬ್ಬಿನ ಹೊದಿಕೆ ಹಾಳಾಗೋ ಕಾಯಿಲೆ) ಇರೋ 50 ಜನಕ್ಕೆ ಅದನ್ನ ಕೊಟ್ಟು, ಕಣ್ಣಿಂದ ಮಿದುಳಿಗೆ ಹೋಗೋ ಸಿಗ್ನಲ್ ಡಿಲೇ 1.7 ಮಿಲಿಸೆಕೆಂಡ್ ಕಮ್ಮಿ ಆಯ್ತು ಅಂತ 2017ರಲ್ಲಿ ಪೇಪರ್ ಹಾಕಿದ್ಮೇಲೆ ನಂಗೂ ಹುಚ್ಚು ಹತ್ತಿತು, ಈ ಮಾತ್ರೆ ಮೈಲಿನ್ ಮತ್ತೆ ಬೆಳೆಸುತ್ತಾ, ನಮ್ ಇಲಿಗಳಲ್ಲಿ ನೋಡೇ ಬಿಡೋಣ ಅಂತ. ಮೀಟಿಂಗಲ್ಲಿ ಹೇಳಿದ್ರೆ ಸೀನಿಯರ್ ಒಬ್ರು "ನೆಗಡಿ ಮಾತ್ರೇಲಿ ಮೈಲಿನ್ ಬೆಳೆಸ್ತೀಯೇನಪ್ಪಾ" ಅಂದು ಎಲ್ರನ್ನೂ ನಗಿಸಿದ್ರು.

ಮೊದಲ ಬ್ಯಾಚ್ 20 ಇಲಿ ಇರ್ಬೇಕು. ಮೊದ್ಲು ಮೈಲಿನ್ ಹಾಳು ಮಾಡೋಕೆ ಫೀಡಲ್ಲಿ ಕ್ಯುಪ್ರಿಜೋನ್ ಅನ್ನೋ ಕೆಮಿಕಲ್ 0.2%, ಅಂದ್ರೆ ಕೆಜಿಗೆ 2 ಗ್ರಾಂ, ನಾನು ಸೋಮಾರಿ, ತಿಂಗಳಿಗಾಗೋಷ್ಟು ಫೀಡ್ ಒಂದೇ ಸಲ ಕಲಸಿಟ್ಟೆ. ಆರು ವಾರ ಆದ್ಮೇಲೆ ಮೈಲಿನ್ ಇದ್ರೆ ನೀಲಿ ಆಗೋ ಎಲ್‌ಎಫ್‌ಬಿ ಸ್ಟೇನ್ ಹಾಕಿದ್ರೆ ಕಾರ್ಪಸ್ ಕ್ಯಾಲೋಸಮ್ (ಮಿದುಳಿನ ಎರಡು ಭಾಗ ಜೋಡಿಸೋ ನರಗಳ ಕಟ್ಟು) ಕಡುನೀಲಿ, ಏನೂ ಆಗೇ ಇಲ್ಲ! ಎರಡನೇ ಸಲ ವಾರವಾರ ಹೊಸದಾಗಿ ಕಲಸಿದೆ, ಇಲಿಗಳು ಪುಡೀನ ಕೆದರಿ ಅರ್ಧ ಕೆಳಗೆ ಚೆಲ್ಲಿದ್ವು. ಬಟ್ಟಲಿಗೆ ಏನು ಮಾಡಿದೆ ಅನ್ನೋದು ನಮ್ ಲ್ಯಾಬಲ್ಲೇ ಇರ್ಲಿ.

ಮೂರನೇ ಬ್ಯಾಚ್‌ಗೆ ಹೊಟ್ಟೆ ಉರೀತು. ಮೈಲಿನ್ ಚೆನ್ನಾಗಿ ಹೋಗಿತ್ತು, ಫೀಡ್ ನಿಲ್ಲಿಸಿ ದಿನಾ ಕ್ಲೆಮಾಸ್ಟೀನ್ 10 ಮಿಗ್ರಾಂ/ಕೆಜಿ ಗ್ಯಾವೇಜ್ (ಬಾಯಿಂದ ಹೊಟ್ಟೆಗೆ ನಳಿಕೇಲಿ ಕೊಡೋದು), ಭಾನುವಾರಾನೂ ಬಿಡ್ಲಿಲ್ಲ. ಮೂರು ವಾರಕ್ಕೆ ನೋಡಿದ್ರೆ ಔಷಧಿ ತಗೊಂಡ್ವೂ ನೀಲಿ, ತಗೊಳ್ದಿದ್ವೂ ನೀಲಿ. ಫೀಡ್ ನಿಲ್ಲಿಸಿದ್ರೆ ಅವು ತಾವೇ ವಾಸಿ ಆಗ್ತವೆ ಅಂತ ಓದಿದ್ದೆ, ತಲೆಗೆ ಇಳಿದಿರ್ಲಿಲ್ಲ ಅಷ್ಟೇ. ಮೈಲಿನ್ ಪ್ರೋಟೀನ್ ಗುರುತಿಸೋ ಎಂಬಿಪಿ ಆಂಟಿಬಾಡಿಗೇ 40 ಸಾವಿರದ ಹತ್ತಿರ ಹೋಗಿತ್ತು, ಗೈಡ್ ಮುಖ ನೋಡೋಕಾಗ್ಲಿಲ್ಲ.

ನಾಲ್ಕನೇ ಸಲ ಬೇಗ ನೋಡಿದೆ, ಯಾವ ದಿನ ಅಂತ ಕೇಳ್ಬೇಡಿ, ಪೇಪರ್ ಬರ್ಲಿ. ಜೂನಿಯರ್ ಹುಡುಗಿ ಕೈಲಿ ಸ್ಲೈಡ್ ಹೆಸರು ಮುಚ್ಚಿಸಿ ಎಣಿಸಿದ್ದು. ಸ್ಟೇನ್ ಹಾಕಿದ ಸ್ಲೈಡನ್ನ ಹೆಚ್ಚಿನ ಬಣ್ಣ ತೆಗೆಯೋ ಲಿಥಿಯಂ ಕಾರ್ಬೊನೇಟಲ್ಲಿ ಅದ್ದಿ ಕಣ್ಣು ಮಿಟುಕಿಸೋದ್ರೊಳಗೆ ತೆಗೀಬೇಕು, ಇಲ್ಲಾಂದ್ರೆ ಇದ್ದ ನೀಲಿನೂ ತೊಳೆದುಹೋಗುತ್ತೆ. ಹೆಸರು ಬಿಚ್ಚಿದಾಗ ಕ್ಲೆಮಾಸ್ಟೀನ್ ಗುಂಪಲ್ಲಿ ಮೈಲಿನ್ ಹೆಚ್ಚುಕಮ್ಮಿ ಒಂದೂವರೆ ಪಟ್ಟು! ನಕ್ಕಿದ್ದ ಸೀನಿಯರ್ ಎರಡು ಸಲ ಮೈಕ್ರೋಸ್ಕೋಪಲ್ಲಿ ಬಗ್ಗಿ ನೋಡಿದ್ರು, ಮಾತಿಲ್ಲ.

ಪೇಷೆಂಟ್ ಮನೆಯವ್ರು ಇದನ್ನೋದಿ ಮಾತ್ರೆ ಹುಡುಕ್ಬೇಡಿ, ಇದು ಬರೀ ಇಲಿ. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಎಂಎಸ್ ಟ್ರಯಲಲ್ಲಿ ಕ್ಲೆಮಾಸ್ಟೀನ್ ತಗೊಂಡ 9 ಜನರಲ್ಲಿ 3 ಜನಕ್ಕೆ ಡಿಸಬಿಲಿಟಿ ಜೋರಾಗಿ ಏರಿ, ಆ ಗುಂಪಿಗೆ ಮಾತ್ರೆ ಕೊಡೋದನ್ನೇ ನಿಲ್ಲಿಸಿದ್ರು.

ಮಧ್ಯೆ ಕೇಂಬ್ರಿಡ್ಜ್‌ನವ್ರ ಮೆಟ್‌ಫಾರ್ಮಿನ್ (ಶುಗರ್ ಮಾತ್ರೆ) ಮುದಿ ಇಲಿಗಳಲ್ಲಿ ಮೈಲಿನ್ ಬೆಳೆಯೋಕೆ ನೆರವಾಗುತ್ತೆ ಅನ್ನೋ ಕೆಲ್ಸ ನೋಡಿ ಐದಾರು ಮುದಿ ಇಲಿಗೆ ನೀರಲ್ಲಿ ಅದನ್ನೂ ಹಾಕಿದ್ದೆ, ಕಹಿಗೆ ನೀರೇ ಮುಟ್ಲಿಲ್ಲ, ತೂಕ ಇಳೀತು, ನಿಲ್ಲಿಸಿದೆ. ಈಗ ಗ್ಯಾವೇಜಲ್ಲೇ ಶುರು ಮಾಡಿದೀನಿ.