ಬಸ್ಸಾರಿನ ಫೋಟೋ ಕದ್ದೋದ್ಮೇಲೆ ನಾನು ಮಾಡ್ಕೊಂಡ ವ್ಯವಸ್ಥೆ

ನಾನು ಅಡುಗೆ ಫೋಟೋ ತೆಗೆದು ಹಾಕೋಕೆ ಶುರು ಮಾಡಿ ಆರು ವರ್ಷ ಆಯ್ತು. ದೊಡ್ಡ ದೊಡ್ಡ ಅಡುಗೆ ಏನಲ್ಲ, ನಮ್ಮ ಮಂಡ್ಯ ಕಡೆ ಮನೇಲಿ ದಿನಾ ಮಾಡೋದೇ, ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಮುದ್ದೆ, ಹೆಸರುಬೇಳೆ ಕೋಸಂಬರಿ, ಇಷ್ಟೇ. ಮದುವೆಯಾಗಿ ಮೈಸೂರಿಗೆ ಬಂದ್ಮೇಲೆ ಅಕ್ಕಪಕ್ಕದ ಹುಡುಗೀರು ಬಸ್ಸಾರು ಹೇಗೆ ಮಾಡೋದು ಅಂತ ಕೇಳ್ತಿದ್ರು, ಬಾಯಲ್ಲಿ ಹೇಳಿದ್ರೆ ಸಾರು ಎಷ್ಟು ತೆಳ್ಳಗಿರ್ಬೇಕು, ಯಾವ ಬಣ್ಣ ಬಂದಾಗ ಒಲೆ ಆರಿಸ್ಬೇಕು ಅನ್ನೋದು ಗೊತ್ತಾಗಲ್ಲ ಅಂತ ಫೋಟೋ ತೆಗೆಯೋಕೆ ಶುರು ಮಾಡಿದ್ದು. ಅದೇ ಫೋಟೋ ಒಂದಿನ ಯಾರದೋ ಊಟದ ಮೆನುವಲ್ಲಿ ಸಿಕ್ತು. ಆಮೇಲೆ ನಾನು ಏನೇನು ಕಲ್ತೆ, ಈಗ ಹೇಗೆ ಮಾಡ್ತೀನಿ ಅಂತ ಬರೀತಿದೀನಿ, ಅಡುಗೆ ಫೋಟೋ ಹಾಕೋ ಬೇರೆಯವ್ರಿಗೆ ಉಪಯೋಗ ಆಗ್ಲಿ ಅಂತ.

ಮೊದ್ಲು ಆ ಬಸ್ಸಾರಿನ ವಿಷ್ಯ ಹೇಳ್ತೀನಿ, ಯಾಕಂದ್ರೆ ಒಂದು ಫೋಟೋ ಹಿಂದೆ ಎಷ್ಟು ಕೆಲಸ ಇರುತ್ತೆ ಅಂತ ತಿಳೀದೆ ಹೋದ್ರೆ ನನಗೆ ಯಾಕೆ ಅಷ್ಟು ನೋವಾಯ್ತು ಅಂತ ಅರ್ಥ ಆಗಲ್ಲ. ದೇವರಾಜ ಮಾರ್ಕೆಟ್ಟಿಂದ ಎರಡು ಕಟ್ಟು ದಂಟಿನ ಸೊಪ್ಪು ತಂದಿದ್ದೆ. ಅರ್ಧ ಲೋಟ ತೊಗರಿಬೇಳೆನ ತೆರೆದ ಪಾತ್ರೇಲಿ ಬೇಯಿಸ್ಬೇಕು, ಕುಕ್ಕರಲ್ಲಿ ಇಟ್ರೆ ಕರಗಿ ಹೋಗುತ್ತೆ, ಬೆರಳಲ್ಲಿ ಹಿಸುಕಿದ್ರೆ ಒಡೀಬೇಕು ಆದ್ರೆ ಕಾಳು ಕಾಳಾಗೇ ಇರ್ಬೇಕು, ಆವಾಗ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಮುಚ್ಚಳ ಮುಚ್ಚದೇನೇ ಬೇಯಿಸೋದು. ಮುಚ್ಚಿದ್ರೆ ಸೊಪ್ಪಿನ ಹಸಿರು ಕಪ್ಪಾಗುತ್ತೆ, ಹುಣಸೆಹುಳಿ ಮೊದ್ಲೇ ಹಾಕಿದ್ರೂ ಹಾಗೇ ಆಗೋದು. ಬೆಂದ ಮೇಲೆ ಬಸಿದು ಕಟ್ಟು, ಅಂದ್ರೆ ಬೆಂದ ನೀರು ಬೇರೆ, ಬೇಳೆ ಸೊಪ್ಪು ಬೇರೆ ಮಾಡ್ಕೋಬೇಕು. ಒಂದು ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಹತ್ತು ಕಾಳು ಮೆಣಸು ಹುರಿದು, ಕಾಲು ಹೋಳು ಕಾಯಿತುರಿ, ಎರಡು ಚಮಚ ಸಾರಿನ ಪುಡಿ, ಸ್ವಲ್ಪ ಹುಣಸೆಹಣ್ಣು, ಬಸಿದಿಟ್ಟ ಬೇಳೆಸೊಪ್ಪಲ್ಲೇ ಒಂದು ಹಿಡಿ, ಎಲ್ಲ ಸೇರಿಸಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸೋದು. ಉಳಿದ ಬೇಳೆಸೊಪ್ಪಿಗೆ ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದ್ರೆ ಪಲ್ಯ. ಒಂದೇ ಬೇಯಿಸುವಿಕೇಲಿ ಸಾರೂ ಆಯ್ತು ಪಲ್ಯಾನೂ ಆಯ್ತು, ನಮ್ಮ ಹಳ್ಳಿ ಹೆಂಗಸರ ಬುದ್ಧಿವಂತಿಕೆ ಅಂದ್ರೆ ಇದು.

ಈ ಸಾರಿನ ಫೋಟೋ ತೆಗೆಯೋದು ಕಷ್ಟ. ಕಂದು ಬಣ್ಣ, ತೆಳ್ಳಗೆ, ಮೇಲೆ ಕನ್ನಡಿ ಥರ ಕಿಟಕಿ ಕಾಣಿಸ್ಬಿಡುತ್ತೆ. ಟ್ಯೂಬ್‌ಲೈಟಲ್ಲಿ ತೆಗೆದ್ರೆ ಸೊಪ್ಪೆಲ್ಲ ಸತ್ತ ಬಣ್ಣ. ನಮ್ಮ ಅಡುಗೆಮನೆ ಕಿಟಕಿ ಪೂರ್ವಕ್ಕಿದೆ, ಬೆಳಿಗ್ಗೆ ಎಂಟೂವರೆ ಹೊತ್ತಿಗೆ ನೇರ ಬಿಸಿಲು ಬೀಳುತ್ತೆ, ಅದಕ್ಕೆ ಒಂದು ಹಳೇ ಬಿಳಿ ಪಂಚೆ ಅಡ್ಡ ಕಟ್ಟಿ ಬೆಳಕನ್ನ ಮೆತ್ತಗೆ ಮಾಡ್ಕೊಂಡು, ಪಾತ್ರೆಗೆ ಪಕ್ಕದಿಂದ ಬೆಳಕು ಬೀಳೋ ಹಾಗೆ ಇಟ್ಟು ತೆಗೀತೀನಿ. ಮುದ್ದೆ ಇನ್ನೂ ಅವಸರ, ಕಟ್ಟಿ ಮೂರ್ನಾಲ್ಕು ನಿಮಿಷಕ್ಕೆ ಮೇಲೆ ಪೊರೆ ಕಟ್ಕೊಂಡು ಹೊಳಪು ಹೋಗುತ್ತೆ, ಹಾಗಾಗಿ ಸಾರು, ಪಲ್ಯ ಎಲ್ಲ ತಟ್ಟೇಲಿ ಸಿದ್ಧ ಮಾಡಿಟ್ಟು ಕೊನೇಗೆ ಒದ್ದೆ ಕೈಯಲ್ಲಿ ಮುದ್ದೆ ಕಟ್ಟಿ ಇಡೋದು. ಮನೆಯವ್ರು ತಿನ್ನೋ ಊಟ ಅದು, ಫೋಟೋಗೋಸ್ಕರ ಬಣ್ಣ ಎಣ್ಣೆ ಸುರಿಯೋದು ನನಗೆ ಆಗಲ್ಲ. ಆ ದಿನ ನಲವತ್ತು ಫೋಟೋ ತೆಗೆದು ಒಂದು ಆರಿಸಿ ಹಾಕಿದ್ದೆ.

ಆರು ತಿಂಗಳಾದ್ಮೇಲೆ ನನ್ನ ತಂಗಿ ಫೋನ್ ಮಾಡಿ, ಅಕ್ಕ ನೀನು ಮೆಸ್ಸಿಗೆ ಏನಾದ್ರೂ ಅಡುಗೆ ಮಾಡ್ಕೊಡ್ತಿದೀಯಾ ಅಂದ್ಲು. ಇಲ್ವಲ್ಲೇ ಅಂದೆ. ಒಂದು ಸ್ಕ್ರೀನ್‌ಶಾಟ್ ಕಳಿಸಿದ್ಲು, ಊಟ ತರಿಸ್ಕೊಳ್ಳೋ ಆಪಲ್ಲಿ ಒಂದು ಮೆಸ್ಸಿನ ಮೆನು, ಮುದ್ದೆ ಬಸ್ಸಾರು ಅಂತ ಬರೆದು ಪಕ್ಕದಲ್ಲಿ ನನ್ನ ಫೋಟೋ. ಮೂಲೇಲಿ ನಾನು ಸಣ್ಣಕ್ಕೆ ಹೆಸರು ಹಾಕಿದ್ದೆ, ಅಷ್ಟು ಜಾಗ ಕತ್ತರಿಸಿದ್ರು, ಮತ್ತೆ ಫೋಟೋನ ಎಡಬಲ ತಿರುಗಿಸಿದ್ರು, ಎಡಗಡೆ ಇದ್ದ ಮುದ್ದೆ ಬಲಗಡೆ ಬಂದಿತ್ತು. ಒಂದು ಕ್ಷಣ ನನಗೇ ಅನುಮಾನ, ಇದು ನಂದೇನಾ ಅಂತ. ಆಮೇಲೆ ದೊಡ್ಡದು ಮಾಡಿ ನೋಡ್ದೆ. ಸಾರಿನ ಪಾತ್ರೆ ಅಂಚಿನ ಕೆಳಗೆ ಚುಕ್ಕಿ ಚುಕ್ಕಿ ಅಕ್ಷರ ಇತ್ತು, ಉಲ್ಟಾ. ಅದು ನಮ್ಮಮ್ಮನ ಮದುವೇಲಿ ಸೋದರಮಾವ ಮುಯ್ಯಿ ಕೊಟ್ಟ ಸ್ಟೀಲ್ ಪಾತ್ರೆ, ಆವಾಗೆಲ್ಲ ಪಾತ್ರೆ ಅಂಗಡೀಲಿ ಮಿಷನ್ನಿಂದ ಹೆಸರು ಹಾಕಿಸಿ ಕೊಡೋರಲ್ವಾ, ಮಾವನ ಹೆಸರು ಕೆಳಗೆ 12-5-84 ಅಂತ ತಾರೀಕು. ಕತ್ತರಿಸೋಕೆ ಆಗದೆ ಇರೋ ಜಾಗದಲ್ಲಿ ಮಾವನ ಹೆಸರು ಇತ್ತು. ಅದನ್ನ ನೋಡಿ ನನಗೆ ಅಳು ಬಂತು, ಮಾವ ತೀರ್ಕೊಂಡು ಎರಡು ವರ್ಷ ಆಗಿತ್ತು ಆಗ.

ಮೆಸ್ಸಿಗೆ ಫೋನ್ ಮಾಡ್ದೆ. ಅಣ್ಣ, ನಿಮ್ಮ ಮೆನುವಲ್ಲಿರೋ ಬಸ್ಸಾರಿನ ಫೋಟೋ ನಂದು, ತೆಗೀರಿ ಅಂದೆ. ಅವ್ರು, ಗೂಗಲ್ಲಲ್ಲಿ ಸಿಕ್ತು ಮೇಡಂ, ಗೂಗಲ್ಲಲ್ಲಿ ಇರೋದು ಎಲ್ರುದ್ದೂ ಅಲ್ವಾ, ನೀವು ತಾನೆ ತೆಗ್ದಿದ್ದು ಅಂತ ಏನು ಗ್ಯಾರಂಟಿ ಅಂದ್ರು. ಕೆಟ್ಟದಾಗಿ ಏನೂ ಮಾತಾಡ್ಲಿಲ್ಲ, ನಿಜವಾಗ್ಲೂ ಹಾಗೇ ಅಂದ್ಕೊಂಡಿದ್ರು. ನಾನು ಏನೂ ವಾದ ಮಾಡ್ದೆ ಮೂರು ಕಳಿಸ್ದೆ, ಪಾತ್ರೆ ಹೆಸರಿನ ಹತ್ತಿರದ ಫೋಟೋ, ಅವ್ರ ಮೆನು ಫೋಟೋನ ಮತ್ತೆ ತಿರುಗಿಸಿ ಅಕ್ಷರ ಸರಿಯಾಗಿ ಓದೋ ಹಾಗೆ ಮಾಡಿದ್ದು, ಮತ್ತೆ ಆ ದಿನ ಹಿಂದೆ ಮುಂದೆ ತೆಗೆದ ಫೋಟೋಗಳಲ್ಲಿ ನಾಲ್ಕು, ಒಂದ್ರಲ್ಲಿ ಮುದ್ದೆ ಇನ್ನೂ ತಟ್ಟೇಲಿ ಇಲ್ಲ, ಇನ್ನೊಂದ್ರಲ್ಲಿ ನನ್ನ ಕೈ ಇದೆ. ಅರ್ಧ ಗಂಟೇಲಿ ಫೋನ್ ಬಂತು, ತೆಗೀತೀನಿ ಮೇಡಂ ತಪ್ಪಾಯ್ತು ಅಂದ್ರು, ತೆಗೆದೂ ಬಿಟ್ರು. ನಾನು ಅವ್ರಿಗೆ ಇನ್ನೊಂದು ಮಾತು ಹೇಳ್ದೆ, ಅಣ್ಣ ನಿಮ್ಮಲ್ಲಿ ಮಾಡೋ ಬಸ್ಸಾರನ್ನೇ ಬೆಳಿಗ್ಗೆ ಬಾಗಿಲ ಹತ್ರ ಇಟ್ಟು ಫೋನಲ್ಲಿ ತೆಗೀರಿ, ಜನ ನನ್ನ ಪಾತ್ರೆ ನೋಡಿ ದುಡ್ಡು ಕೊಟ್ಟು ನಿಮ್ಮ ಸಾರು ತಿಂದ್ರೆ ಅದು ಅವ್ರಿಗೂ ಮೋಸ ಅಲ್ವಾ ಅಂತ.

ಕಾನೂನು ಏನು ಹೇಳುತ್ತೆ ಅಂತ ಆಮೇಲೆ ಕೂತು ಓದ್ದೆ, ವಕೀಲರಾದ ಒಬ್ಬ ಪರಿಚಯದವ್ರನ್ನೂ ಕೇಳ್ದೆ. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು, ಅದ್ರಲ್ಲಿ ಫೋಟೋ ಅಂದ್ರೆ ಕಲಾಕೃತಿ ಲೆಕ್ಕ. ಫೋನಲ್ಲಿ ತೆಗೆದದ್ದಾದ್ರೂ ಸರಿ, ನಮಗೋಸ್ಕರ ನಾವೇ ತೆಗೆದ ಫೋಟೋ ಮೇಲೆ ತೆಗೆದ ಕ್ಷಣದಿಂದ ಹಕ್ಕು ನಮ್ದೇ, ಎಲ್ಲೂ ರಿಜಿಸ್ಟರ್ ಮಾಡಿಸ್ಲೇಬೇಕು ಅಂತ ಇಲ್ಲ. ಮಾಡಿಸಿದ್ರೆ ಕೋರ್ಟಲ್ಲಿ ಸಾಕ್ಷಿಗೆ ಅನುಕೂಲ, ಆದ್ರೆ ಒಂದೊಂದು ಕೃತಿಗೂ 500 ರೂಪಾಯಿ ಶುಲ್ಕ, ದಿನಾ ಫೋಟೋ ತೆಗೆಯೋರಿಗೆ ಅದು ಆಗೋ ಮಾತಲ್ಲ. 2012ರ ತಿದ್ದುಪಡಿ ಆದ್ಮೇಲೆ ಫೋಟೋಗೂ ತೆಗೆದವ್ರ ಜೀವಮಾನ ಪೂರ್ತಿ ಮತ್ತೆ ಅವ್ರು ಹೋದ ಮೇಲೆ 60 ವರ್ಷ ಹಕ್ಕು ಇರುತ್ತೆ. ಅಡುಗೆ ವಿಧಾನ ಮಾತ್ರ ಹಾಗಲ್ಲ. ಬೇಳೆ ಇಷ್ಟು, ಸೊಪ್ಪು ಇಷ್ಟು, ಹೀಗೆ ಬಸೀರಿ ಅನ್ನೋದಕ್ಕೆ ಯಾರೂ ಹಕ್ಕು ಹೇಳೋಕಾಗಲ್ಲ, ಅದನ್ನ ನಾನು ಬರೆದ ವಾಕ್ಯ ನಂದು, ಫೋಟೋ ನಂದು ಅಷ್ಟೇ. ಇದು ನನಗೆ ತುಂಬ ಸರಿ ಅನ್ಸುತ್ತೆ. ಬಸ್ಸಾರು ನನಗೆ ಅಮ್ಮ ಕಲಿಸಿದ್ದು, ಅಮ್ಮಂಗೆ ಅವ್ರತ್ತೆ, ಅದನ್ನ ಯಾರು ಬೇಕಾದ್ರೂ ಮಾಡ್ಲಿ, ಮಾರ್ಲಿ, ನನಗೆ ಖುಷಿನೇ.

ಈಗ ನಾನು ಏನು ಮಾಡ್ತೀನಿ ಅಂತ ಹೇಳ್ತೀನಿ. ಮೂಲೇಲಿ ಹೆಸರು ಹಾಕೋದು ಬಿಟ್ಟೆ, ಅದು ಎರಡು ಸೆಕೆಂಡಲ್ಲಿ ಹೋಗುತ್ತೆ. ಆಮೇಲೆ ಸ್ವಲ್ಪ ದಿನ ನಡುಮಧ್ಯ ದೊಡ್ಡದಾಗಿ ಹಾಕಿದ್ದೆ, ಜನ ಸೊಪ್ಪೇ ಕಾಣ್ತಿಲ್ಲ ಅಂದ್ರು, ನನಗೂ ಊಟದ ಮೇಲೆ ಬರೆದ ಹಾಗೆ ಅನ್ನಿಸ್ತು. ಈಗ ಪಾತ್ರೆ ಅಂಚು ಮತ್ತೆ ಸಾರು ಸೇರೋ ಜಾಗದಲ್ಲಿ ತೆಳ್ಳಗೆ ಬಗ್ಗಿಸಿ ಹಾಕ್ತೀನಿ, ಅಲ್ಲಿ ಕತ್ತರಿಸಿದ್ರೆ ಸಾರೂ ಹೋಗುತ್ತೆ, ಒರೆಸೋಕೆ ಹೋದ್ರೆ ಅಂಚಿನ ಹೊಳಪು ಕೆಡುತ್ತೆ. ಅಳಿಸೋ ಆಪ್‌ಗಳು ಈಗ ತುಂಬ ಚೆನ್ನಾಗಿ ಕೆಲಸ ಮಾಡ್ತವೆ, ಹಾಗಾಗಿ ಅದನ್ನೇ ಪೂರ್ತಿ ನಂಬಲ್ಲ. ನಾನು ನಂಬೋದು ಹೆಸರು ಹಾಕಿಸಿದ ಪಾತ್ರೆಗಳನ್ನ. ಅಮ್ಮನ ಮನೆ ಅಟ್ಟದಿಂದ ಆರು ತಂದೆ, ತಟ್ಟೆ, ಲೋಟ, ಒಂದು ಕೊಳಗ, ಎಲ್ಲದ್ರ ಮೇಲೂ ಯಾರದೋ ಮುಯ್ಯಿ ಹೆಸರು. ಅಕ್ಷರ ಕ್ಯಾಮೆರಾ ಕಡೆ ಬರೋ ಹಾಗೆ ತಿರುಗಿಸಿ ಇಡ್ತೀನಿ. ಪಾತ್ರೆ ಇಲ್ಲಾಂದ್ರೂ ನಿಮ್ಮನೇಲಿ ಮಾತ್ರ ಇರೋದು ಏನಾದ್ರೂ ಇರುತ್ತೆ, ಸೊಟ್ಟ ಆಗಿರೋ ಸೌಟು, ಒಡೆದ ಮೂಲೆಯ ಕಡಪ ಕಲ್ಲು, ಅದು ಫೋಟೋ ಒಳಗೆ ಇರ್ಲಿ.

ಎರಡನೇದು, ಒರಿಜಿನಲ್ ಉಳಿಸ್ಕೊಳ್ಳೋದು, ಇದೇ ಎಲ್ಲಕ್ಕಿಂತ ಮುಖ್ಯ. ಮೊದಲ ಎರಡು ವರ್ಷ ಫೋನ್ ತುಂಬಿದಾಗೆಲ್ಲ ಡಿಲೀಟ್ ಮಾಡ್ಬಿಡ್ತಿದ್ದೆ, ತಂಗಿಗೆ ವಾಟ್ಸಾಪಲ್ಲಿ ಕಳಿಸಿದ ಪ್ರತಿ ಮಾತ್ರ ಉಳಿದಿದೆ, ಫೋಟೋ ಥರ ಕಳಿಸಿದ್ರೆ ವಾಟ್ಸಾಪ್ ಅದನ್ನ ಕುಗ್ಗಿಸಿ ಒಳಗಿನ ತಾರೀಕು, ಕ್ಯಾಮೆರಾ ವಿವರ ಎಲ್ಲ ತೆಗೆದುಬಿಡುತ್ತೆ. ಆ ಎರಡು ವರ್ಷದ ಅವರೆಕಾಳು ಸಾರು, ಹುರುಳಿಕಾಳು ಬಸ್ಸಾರು ಯಾರಾದ್ರೂ ತಗೊಂಡ್ರೆ ನನ್ನ ಹತ್ರ ತೋರ್ಸೋಕೆ ಏನೂ ಇಲ್ಲ, ಅದು ನನಗೆ ಈಗ್ಲೂ ಬೇಜಾರು. ಈಗ ತಿಂಗಳಿಗೊಂದು ಫೋಲ್ಡರ್, ಹಾರ್ಡ್‌ಡಿಸ್ಕಲ್ಲಿ ಒಂದು ಪ್ರತಿ, ಆನ್‌ಲೈನಲ್ಲಿ ಒಂದು. ಆರಿಸಿದ್ದು ಒಂದೇ ಅಲ್ಲ, ಹಿಂದೆ ಮುಂದೆ ತೆಗೆದ ಹತ್ತಾದ್ರೂ ಇಟ್ಕೊಳ್ಳಿ. ಕದ್ದವ್ರ ಹತ್ರ ಒಂದೇ ಫೋಟೋ ಇರುತ್ತೆ, ಮುದ್ದೆ ಬರೋ ಮುಂಚಿನದು ಇರಲ್ಲ. ಹಾಕೋದು ಮಾತ್ರ 1080 ಪಿಕ್ಸೆಲ್ ಅಗಲಕ್ಕೆ ಇಳಿಸಿ ಹಾಕ್ತೀನಿ, ಫೋನಲ್ಲಿ ನೋಡೋಕೆ ಸಾಕು, ಫ್ಲೆಕ್ಸ್ ಬೋರ್ಡಿಗೆ ಹಿಗ್ಗಿಸಿದ್ರೆ ಒಡೆದು ಕಾಣುತ್ತೆ.

ಹೆಂಗಸರಿಗೆ ವಿಶೇಷವಾಗಿ ಒಂದು ಮಾತು, ಫೋನ್ ಕ್ಯಾಮೆರಾ ಸೆಟ್ಟಿಂಗಲ್ಲಿ ಲೊಕೇಶನ್ ಆಫ್ ಮಾಡಿ. ಇಲ್ಲಾಂದ್ರೆ ಒರಿಜಿನಲ್ ಫೈಲ್ ಒಳಗೆ ನಿಮ್ಮ ಮನೆ ಎಲ್ಲಿದೆ ಅನ್ನೋದೂ ಸೇರ್ಕೊಂಡಿರುತ್ತೆ, ಸಾಕ್ಷಿಗೆ ಅಂತ ಆ ಫೈಲನ್ನ ಗೊತ್ತಿಲ್ಲದವ್ರಿಗೆ ಕಳಿಸಿದ್ರೆ ಅಡ್ರೆಸ್ಸೇ ಕಳಿಸಿದ ಹಾಗೆ. ನಾನು ಯಾರಿಗೂ ಒರಿಜಿನಲ್ ಫೈಲ್ ಕೊಡಲ್ಲ, ವಿವರ ಕಾಣೋ ಸ್ಕ್ರೀನ್‌ಶಾಟ್ ಕೊಡ್ತೀನಿ, ಕೋರ್ಟ್ ಕೇಳಿದ್ರೆ ಆಗ ಫೈಲ್.

ಹುಡುಕೋದಕ್ಕೆ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಕೂತ್ಕೋತೀನಿ. ಫೋಟೋ ಹಾಕಿದ್ರೆ ಅದು ಬೇರೆ ಎಲ್ಲೆಲ್ಲಿದೆ ಅಂತ ಹುಡುಕಿ ಕೊಡೋ ಗೂಗಲ್ ಲೆನ್ಸಲ್ಲಿ ಒಂದ್ಸಲ, ಟಿನ್‌ಐ ಅಂತ ಅಂಥದ್ದೇ ಇನ್ನೊಂದಿದೆ ಅದ್ರಲ್ಲಿ ಒಂದ್ಸಲ. ಎಲ್ಲಾ ಫೋಟೋ ಅಲ್ಲ, ಜನ ಜಾಸ್ತಿ ನೋಡಿದ ಹತ್ತು ಹದಿನೈದು. ಎಡಬಲ ತಿರುಗಿಸಿದ ಪ್ರತಿ ಹಾಕಿನೂ ಹುಡುಕ್ತೀನಿ, ಬರೀ ಪಾತ್ರೆ ಇರೋ ಭಾಗ ಕತ್ತರಿಸಿ ಹಾಕಿನೂ ನೋಡ್ತೀನಿ, ಹೀಗೆ ಮಾಡಿದಾಗ ನನ್ನ ಮಸ್ಸೊಪ್ಪಿನ ಫೋಟೋ ಒಂದು ಪುಟದಲ್ಲಿ ಪಾಲಕ್ ದಾಲ್ ಅನ್ನೋ ಹೆಸರಲ್ಲಿ ಸಿಕ್ತು.

ಸಿಕ್ಕಿದ ತಕ್ಷಣ ಬೈಯೋಕೆ ಹೋಗಲ್ಲ. ಮೊದ್ಲು ಪುಟದ ವಿಳಾಸ, ತಾರೀಕು ಕಾಣೋ ಹಾಗೆ ಸ್ಕ್ರೀನ್‌ಶಾಟ್, ಯಾಕಂದ್ರೆ ಬೈದ ಮೇಲೆ ಅವ್ರು ಅಳಿಸಿ ನಾವು ಹಾಕೇ ಇಲ್ಲ ಅಂತಾರೆ. ಆಮೇಲೆ ಮರ್ಯಾದೆಯಿಂದ ಒಂದು ಮೆಸೇಜ್, ಇದು ನನ್ನ ಫೋಟೋ, ಇಲ್ಲಿ ಮೊದ್ಲು ಹಾಕಿದ್ದು, ಎರಡು ದಿನದಲ್ಲಿ ತೆಗೀರಿ ಅಂತ. ಹತ್ತರಲ್ಲಿ ಆರೇಳು ಜನ ಅಷ್ಟಕ್ಕೇ ತೆಗೀತಾರೆ, ಇದು ನನ್ನ ಲೆಕ್ಕ. ತೆಗೀದೇ ಇದ್ರೆ ಆ ಫೋಟೋ ಇರೋ ಜಾಲತಾಣದವ್ರಿಗೇ ದೂರು. ನಮ್ಮ ಕಾಯ್ದೆಯ 52ನೇ ಸೆಕ್ಷನ್, 2013ರ ನಿಯಮದ ಪ್ರಕಾರ ಲಿಖಿತ ದೂರು ತಲುಪಿ ಅದು ಸರಿ ಅನ್ನಿಸಿದ್ರೆ ಅವ್ರು 36 ಗಂಟೆ ಒಳಗೆ ಅದನ್ನ ತಡೀಬೇಕು, ಆದ್ರೆ 21 ದಿನದ ಒಳಗೆ ನಾವು ಕೋರ್ಟ್ ಆದೇಶ ತರ್ದೇ ಹೋದ್ರೆ ಅವ್ರು ಮತ್ತೆ ಹಾಕ್ಬಹುದು. ಒಂದು ಸೊಪ್ಪಿನ ಸಾರಿಗೆ ಕೋರ್ಟಿಗೆ ಹೋಗೋರು ಯಾರು ಹೇಳಿ, ಇಲ್ಲಿ ಕಾಯ್ದೆ ನಮ್ಮಂಥವ್ರನ್ನ ನೆನೆಸ್ಕೊಂಡಿಲ್ಲ ಅಂತ ನನಗೆ ಅನ್ಸುತ್ತೆ. ದೊಡ್ಡ ಕಂಪನಿಗಳು ಅಮೆರಿಕದ 1998ರ ಡಿಎಂಸಿಎ ಅನ್ನೋ ಕಾಪಿರೈಟ್ ಕಾನೂನಿನ ಪ್ರಕಾರ ದೂರು ಕೊಡೋ ಫಾರಂ ಇಟ್ಟಿರ್ತಾರೆ, ನನ್ನ ಅನುಭವದಲ್ಲಿ ಅದೇ ಬೇಗ ಕೆಲಸ ಮಾಡಿದ್ದು. ಅದ್ರಲ್ಲಿ ನಿಮ್ಮ ಹೆಸರು, ಇಮೇಲ್ ಎದುರಿನವ್ರಿಗೂ ಹೋಗಬಹುದು, ಅದಕ್ಕೆ ಬೇರೆ ಇಮೇಲ್ ಇಟ್ಕೊಳ್ಳಿ, ಸುಳ್ಳು ಮಾತ್ರ ಒಂದಕ್ಷರಾನೂ ಬರೀಬೇಡಿ.

ಮಸ್ಸೊಪ್ಪು ತಗೊಂಡ ಆ ಪುಟ ಮಾತ್ರ ಇನ್ನೂ ಮುಗಿದಿಲ್ಲ. ಎರಡು ಸಲ ತೆಗೆಸ್ದೆ, ಎರಡು ಸಲವೂ ಬೇರೆ ಹೆಸರಲ್ಲಿ ಬಂತು, ಮೂರನೇ ಫಾರಂ ಹೋದ ವಾರ ಕಳಿಸಿದೀನಿ. ಮೆಸ್ಸಿನ ಅಣ್ಣ ಅವ್ರದೇ ಬಸ್ಸಾರಿನ ಫೋಟೋ ಹಾಕಿದಾರೆ, ಸ್ವಲ್ಪ ಕತ್ತಲೆ ಇದೆ, ಸಾರು ನಮ್ಮನೇದಕ್ಕಿಂತ ಗಟ್ಟಿ, ಪಲ್ಯ ಮಾತ್ರ ಹಸಿರು ಹಸಿರಾಗಿ ಕಾಣುತ್ತೆ, ಮುಚ್ಚಳ ಮುಚ್ಚದೆ ಬೇಯಿಸಿದಾರೆ.