ಕಾರ್ನ್‌ಫ್ಲೇಕ್ಸ್ ಜಾಹೀರಾತನ್ನು ಬಿಚ್ಚಿ ಓದುವುದು ಹೇಗೆ?

ಮನೆಯ ಒಗ್ಗರಣೆ ಅವಲಕ್ಕಿಗೆ, ಸೂಸಲಾಕ್ಕೆ ಜಾಹೀರಾತು ಬೇಕಿಲ್ಲ. ಅವುಗಳ ಜಾಗಕ್ಕೆ ಬರಬೇಕಾದ ಪೊಟ್ಟಣದ ನಾಷ್ಟಾಕ್ಕೆ ಬೇಕು. ಧಾರವಾಡದ ಪತ್ರಿಕೋದ್ಯಮ ವಿದ್ಯಾರ್ಥಿಯಿರಲಿ, ಹುಬ್ಬಳ್ಳಿಯ ಹೈಸ್ಕೂಲ್ ಶಿಕ್ಷಕಿಯಿರಲಿ, ಇಂಥ ಜಾಹೀರಾತು ಕೈಗೆತ್ತಿಕೊಂಡಾಗ ಹಿಡಿಯಬೇಕಾದ ಎಳೆ ಒಂದೇ: ಅಕ್ಷರ ಹೇಳಲು ಹಿಂಜರಿದದ್ದನ್ನು ಚಿತ್ರದಿಂದ ಹೇಗೆ ಹೇಳಿಸಿದ್ದಾರೆ?

ಪತ್ರಿಕೆಯ ಜಾಹೀರಾತು, ಜೊತೆಗೆ ಅದೇ ಉತ್ಪನ್ನದ ಪೊಟ್ಟಣ, ಎರಡೂ ಎದುರಿಗಿರಲಿ. ಜಾಹೀರಾತನ್ನು 5 ಸೆಕೆಂಡ್ ನೋಡಿ ಮಗುಚಿಡಿ. ಕಣ್ಣಿಗೆ ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಬರೆಯಿರಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಕಿಟಕಿಯಿಂದ ಹೋರ್ಡಿಂಗ್ ನೋಡುವವರಿಗೆ ಸಿಗುವುದೂ ಅಷ್ಟೇ ಹೊತ್ತು. ಆಮೇಲೆ ಅಕ್ಷರಗಳ ಮೇಲೆ ಕಾಗದ ಮುಚ್ಚಿ, ಚಿತ್ರ ಮಾತ್ರ ಏನು ಹೇಳುತ್ತದೆ ಎಂದು ಒಂದು ವಾಕ್ಯ ಬರೆಯಿರಿ; ಬಳಿಕ ಚಿತ್ರ ಮುಚ್ಚಿ ಮಾತಿಗೂ ಹಾಗೆಯೇ ಮಾಡಿ. ಟಿವಿ ಜಾಹೀರಾತಾದರೆ ಒಮ್ಮೆ ಧ್ವನಿ ತೆಗೆದು ನೋಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಿ.

ಎರಡು ವಾಕ್ಯಗಳ ನಡುವಿನ ಅಂತರದಲ್ಲೇ ವಿಶ್ಲೇಷಣೆ ಇದೆ. ಚಿತ್ರದಲ್ಲಿ ಓಟದ ಪದಕ ಗೆದ್ದ ಹುಡುಗಿ, ಮಾತಿನಲ್ಲಿ ‘ಕಬ್ಬಿಣಾಂಶವಿದೆ’ ಎಂದಷ್ಟೇ. ತಿಂದರೆ ಗೆಲ್ಲುತ್ತಾಳೆ ಎಂದು ಯಾರೂ ಬರೆದಿಲ್ಲ; ಓದುಗರೇ ಅದನ್ನು ಕೂಡಿಸಿಕೊಳ್ಳುತ್ತಾರೆ. ಬಟ್ಟಲಿನ ಪಕ್ಕ ಚೆಲ್ಲಿದ ಬಾದಾಮಿ, ಮೇಲಿಂದ ಇಳಿಯುವ ಜೇನಿನ ಎಳೆಯದೂ ಇದೇ ಕೆಲಸ. ಪೊಟ್ಟಣದ ಹಿಂದೆ ನೋಡಿ: ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಸಕ್ಕರೆ ಎರಡನೆಯದಾಗಿದ್ದು ಜೇನು ಕೊನೆಗಿದ್ದರೆ ಚಿತ್ರದ ಅಳತೆ ತಲೆಕೆಳಗಾಗಿದೆ. ಹಾಲಿನಲ್ಲಿ ತೇಲುವ ಗರಿಗರಿ ಚೂರುಗಳನ್ನೂ ನಂಬಬೇಡಿ. ನಿಜವಾದ ಹಾಲಿನಲ್ಲಿ ಅವು ಬೇಗ ಮೆತ್ತಗಾಗುವುದರಿಂದ ಆಹಾರದ ಫೋಟೋ ತೆಗೆಯುವವರು ಬಿಳಿ ಅಂಟು ಬಳಸಿದ್ದುಂಟು.

ಮಾತಿನಲ್ಲಿ ನುಣುಚಿಕೊಳ್ಳುವ ಪದಗಳನ್ನು ಹಿಡಿಯಿರಿ. ‘ಸಹಾಯಕ’, ‘ಸಮತೋಲಿತ ಆಹಾರದ ಭಾಗವಾಗಿ’ ಎಂದರೆ ಭರವಸೆಯಲ್ಲ. ‘ಹೆಚ್ಚು ಪೋಷಣೆ’ ಎಂದಿದ್ದರೆ ಯಾವುದಕ್ಕಿಂತ ಎಂದು ಕೇಳಿ. ಆದರೆ ‘ಅಧಿಕ ನಾರಿನಂಶ’ ಎಂಬುದಕ್ಕೆ ಅಳತೆ ಇದೆ: ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮದಂತೆ ಘನ ಆಹಾರದ 100 ಗ್ರಾಂಗೆ ಕನಿಷ್ಠ 6 ಗ್ರಾಂ ನಾರು. ನಕ್ಷತ್ರ ಚಿಹ್ನೆ (*) ಕಂಡರೆ ಬಿಡಬೇಡಿ, ಅದರ ಅಡಿಟಿಪ್ಪಣಿ ಓದಿ. ಅಲ್ಲಿ ‘ಹಾಲಿನೊಂದಿಗೆ’ ಎಂದಿದ್ದರೆ ಸುಮಾರು 4 ಗ್ರಾಂ ಪ್ರೊಟೀನ್ 125 ಮಿ.ಲೀ. ಹಾಲಿನದೇ, 30 ಗ್ರಾಂ ಕಾರ್ನ್‌ಫ್ಲೇಕ್ಸ್‌ನಿಂದ ಬರುವುದು 2 ಗ್ರಾಂ ಆಸುಪಾಸು. ಸಕ್ಕರೆ 100 ಗ್ರಾಂಗೆ 30 ಗ್ರಾಂ ಎಂದಿದ್ದರೆ 30 ಗ್ರಾಂ ಕಾರ್ನ್‌ಫ್ಲೇಕ್ಸ್‌ನ ಬಟ್ಟಲಲ್ಲಿ ಸಕ್ಕರೆ 9 ಗ್ರಾಂ, ಅಂದರೆ ಎರಡು ಟೀ ಚಮಚಕ್ಕಿಂತ ತುಸು ಜಾಸ್ತಿ. ಚಿತ್ರದ ಬಟ್ಟಲಲ್ಲಿ ತುಂಬಿರುವುದು 30 ಗ್ರಾಂ ತಾನೇ? ತೂಗಿ ಸುರಿದು ಹೋಲಿಸಿ.

ಬರೆಯುವಾಗ ಹೆಚ್ಚಿನವರು ಎಡವುವುದು ಬಣ್ಣದಲ್ಲಿ. ‘ಹಳದಿ ಎಂದರೆ ಸಂತೋಷ’ ಎಂದು ಬರೆದರೆ ಯಾವ ಜಾಹೀರಾತಿಗೂ ಹೊಂದೀತು, ಹಾಗಾಗಿ ಯಾವುದಕ್ಕೂ ಉಪಯೋಗವಿಲ್ಲ. ‘ಕಿಟಕಿಯ ಬಿಸಿಲಿನ ಹಳದಿಯೇ ಮೆಕ್ಕೆಜೋಳದ ಚೂರಿನಲ್ಲೂ ಇದೆ, ಹೀಗಾಗಿ ಕಾರ್ಖಾನೆಯ ತಿನಿಸು ಹೊಲದ ಬೆಳೆಯಂತೆ ಕಾಣುತ್ತದೆ’ ಎಂದು ಬರೆಯಿರಿ. ತಂತ್ರ, ಅದು ಇರುವ ಜಾಗ, ಪರಿಣಾಮ ಮೂರೂ ಒಂದೇ ವಾಕ್ಯದಲ್ಲಿ ಬಂದವು.

ಕನ್ನಡವನ್ನೂ ಪರೀಕ್ಷಿಸಿ. ನಮ್ಮ ಕಡೆಯ ಜನ ನಾಷ್ಟಾ ಅನ್ನುತ್ತಾರೆ. ಜಾಹೀರಾತು ‘ಉಪಾಹಾರ’ ಎಂದರೆ ಅದು ಯಾರನ್ನು ಕರೆಯುತ್ತಿದೆ? ಹೇಳಿಕೆ ಕನ್ನಡದಲ್ಲಿದ್ದು ಕೆಳಗಿನ ಸಣ್ಣಕ್ಷರದ ಷರತ್ತು ಇಂಗ್ಲಿಷ್‌ನಲ್ಲಿದ್ದರೆ ಕೆಂಪು ಗೆರೆ ಎಳೆಯಿರಿ. ಹೇಳಿಕೆಯ ಭಾಷೆಯಲ್ಲೇ ಷರತ್ತೂ ಇರಬೇಕೆಂದು ಜಾಹೀರಾತು ಗುಣಮಟ್ಟ ಮಂಡಳಿಯ ಮಾರ್ಗಸೂಚಿಯೇ ಹೇಳುತ್ತದೆ.