ಹೀರೋ ಬಂದು ಕೈಮುಗಿದು ಹೋದ ಮೇಲೆ ಮಾಡಬೇಕಾದ ಲೆಕ್ಕ

ಚುನಾವಣಾ ಪ್ರಚಾರಕ್ಕೆ ಬರುವ ಹೀರೋ ನೋಡೋಕೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಹೋಗಿ, ನಾನೂ ಹೋಗುತ್ತೇನೆ. ನಮ್ಮ ನೇಕಾರರ ಊರು ಬನಹಟ್ಟಿಗೆ ಬೆಂಗಳೂರಿನಿಂದ ನಟರು ದಿನಾ ಬರುವುದಿಲ್ಲ. ಹೋಗುವಾಗ ಒಂದು ಕೆಲಸ ಮಾತ್ರ ಮಾಡಿ. ಅವರು ಮೈಕ್ ಹಿಡಿದ ಕೂಡಲೇ ಫೋನಿನಲ್ಲಿ ರೆಕಾರ್ಡ್ ಒತ್ತಿ. ವಿಡಿಯೋ ಬೇಡ, ಧ್ವನಿ ಸಾಕು.

ಇದನ್ನು ನಾನು ಕಲಿತದ್ದು ಒಂದು ಮೇ ತಿಂಗಳ ಬಿಸಿಲಿನಲ್ಲಿ. ಹನ್ನೊಂದಕ್ಕೆ ಬರುತ್ತಾರೆ ಎಂದಿದ್ದರು, ಬಂದದ್ದು ಎರಡೂವರೆಗೆ. ಕ್ರೇನಿಗೆ ಸೇಬಿನ ಹಾರ ತೂಗುಹಾಕಿದ್ದರು, ಜೆಸಿಬಿ ಬಕೆಟ್ಟಿನಲ್ಲಿ ಚೆಂಡುಹೂವು ತುಂಬಿಕೊಂಡು ಕೂತ ಹುಡುಗರ ಮುಖ ಹೂವಿಗಿಂತ ಮೊದಲೇ ಬಾಡಿತ್ತು. ನಟ ತೆರೆದ ಗಾಡಿ ಮೇಲೆ ನಿಂತರು, ಜನ ಕಿರುಚಿದರು, ನಾನೂ ಕಿರುಚಿದೆ. ಮನೆಗೆ ಬಂದು ರೆಕಾರ್ಡ್ ಕೇಳಿದರೆ ಒಟ್ಟು ನಾಲ್ಕು ನಿಮಿಷ. ಎರಡು ಡೈಲಾಗ್, ಒಂದು ಹಾಡಿನ ಸಾಲು, ಒಂದು 'ಊಟ ಆಯ್ತಾ'. ಅಭ್ಯರ್ಥಿ ಬಗ್ಗೆ ಇದ್ದದ್ದು 'ಇವರು ಒಳ್ಳೆಯವರು, ಗೆಲ್ಲಿಸಿ' ಅಷ್ಟೇ. ಮಗ್ಗ, ನೂಲಿನ ರೇಟು, ಕರೆಂಟು, ಯಾವುದೂ ಇಲ್ಲ. ಪಕ್ಕದಲ್ಲಿ ಕೂತು ಕೇಳಿದ ಕಾಕಾ ಇಷ್ಟೇ ಹೇಳಿದರು: "ತಮ್ಮಾ, ಅಂವ ಚಂಜಿಗೆ ವಿಮಾನ ಹತ್ತತಾನ. ನಾವು ನಾಳಿ ಮುಂಜಾನೆ ಇದ ಮಗ್ಗದ ಮುಂದ ನಿಂದರಬೇಕು."

ಹಾಗಾಗಿ ರೆಕಾರ್ಡ್ ಕೇಳುವಾಗ ಮೊದಲು ಸಿನಿಮಾ ಮಾತನ್ನೆಲ್ಲ ಕಳೆಯಿರಿ. ಉಳಿದದ್ದರಲ್ಲಿ ಅಭ್ಯರ್ಥಿಯ ಕೆಲಸದ ಮಾತು ಎಷ್ಟು, ನಮ್ಮ ಊರಿನ ಹೆಸರು ಎಷ್ಟು ಸಲ ಬಂತು, ನೋಡಿ. ಏನೂ ಉಳಿಯದಿದ್ದರೆ ನೀವು ಹೀರೋ ನೋಡಿ ಬಂದಿರಿ, ಅಷ್ಟೇ, ಅದರಲ್ಲಿ ತಪ್ಪೇನಿಲ್ಲ.

ಇನ್ನೊಂದು, ನಟ ಯಾಕೆ ಬಂದರು ಅಂತ ಕೇಳಿಕೊಳ್ಳಿ. 2023ರ ಏಪ್ರಿಲ್‌ನಲ್ಲಿ ಸುದೀಪ್ ಅವರು ಬಸವರಾಜ ಬೊಮ್ಮಾಯಿ ಅವರಿಗೆ ಬೆಂಬಲ ಕೊಡುತ್ತೇನೆ ಎಂದಾಗ, ಹಳೆಯ ಸಂಬಂಧ, ಕಷ್ಟದಲ್ಲಿ ಜೊತೆಗಿದ್ದರು ಎನ್ನುವ ಕಾರಣವನ್ನೇ ಮುಂದಿಟ್ಟಿದ್ದರು. ನನಗೆ ಅದು ಹಿಡಿಸಿತು, ಮುಚ್ಚುಮರೆ ಇಲ್ಲ. ಆದರೆ ಅದು ಅವರ ಋಣ. ನಮ್ಮದಲ್ಲ, ಅಲ್ವಾ? ಹೆಂಡತಿಗಾಗಿ, ಗೆಳೆಯನಿಗಾಗಿ, ಪಕ್ಷಕ್ಕಾಗಿ ಬಂದವರೆಲ್ಲರದ್ದೂ ಇದೇ ಲೆಕ್ಕ. ಅಭ್ಯರ್ಥಿ ಮಾಡಿದ ಒಂದು ಕೆಲಸವನ್ನು ತಾವೇ ಕಣ್ಣಾರೆ ನೋಡಿ ಹೇಳಿದರೆ ಮಾತ್ರ ಸ್ವಲ್ಪ ಜಾಸ್ತಿ ಗಮನ ಕೊಡಿ.

ಸರಿ, ಹೀರೋ ಬಂದರೆ ಓಟು ಬೀಳುತ್ತಾ? ಇಲ್ಲಿ ಜನ ಸುಮ್ನೆ ಏನೇನೋ ಹೇಳುತ್ತಾರೆ. ಅದೇ 2023ರಲ್ಲಿ ಶಿವರಾಜಕುಮಾರ್ ವರುಣಾದಲ್ಲಿ ಸಿದ್ದರಾಮಯ್ಯ ಅವರ ಪರ ಪ್ರಚಾರ ಮಾಡಿದರು, ಹುಬ್ಬಳ್ಳಿಯಲ್ಲಿ ಜಗದೀಶ ಶೆಟ್ಟರ್ ಪರವೂ ಮಾಡಿದರು. ಮೊದಲನೆಯವರು ಗೆದ್ದರು, ಎರಡನೆಯವರು ಸೋತರು. ಪ್ರಚಾರಕ್ಕೆ ಬಂದವರು ಒಬ್ಬರೇ! ಬೊಮ್ಮಾಯಿ ಶಿಗ್ಗಾಂವಿಯಲ್ಲಿ ಗೆದ್ದರು, ಅವರ ಪಕ್ಷ ರಾಜ್ಯದಲ್ಲಿ 66ಕ್ಕೆ ಇಳಿಯಿತು. 2024ರಲ್ಲಿ ಶಿವಮೊಗ್ಗದಲ್ಲಿ ಗೀತಾ ಶಿವರಾಜಕುಮಾರ್ ನಿಂತಾಗ ಸ್ವತಃ ಗಂಡನೇ ಊರೂರು ತಿರುಗಿದರು, ಆದರೂ ಎರಡು ಲಕ್ಷಕ್ಕೂ ಹೆಚ್ಚು ಮತಗಳ ಅಂತರದ ಸೋಲು. ಇದಕ್ಕೆ ಉತ್ತರವಾಗಿ ಎಲ್ಲರೂ ತೆಗೆಯುವುದು 2019ರ ಮಂಡ್ಯ. ದರ್ಶನ್, ಯಶ್ ಜೋಡೆತ್ತುಗಳಾಗಿ ತಿರುಗಿ, ಸುಮಲತಾ 1.25 ಲಕ್ಷ ಮತಗಳಿಂದ ಗೆದ್ದರು ಅಂತ. ಗೆದ್ದದ್ದು ನಿಜ. ಆದರೆ ಅವರ ಗಂಡ ಅಂಬರೀಷ್ ತೀರಿಕೊಂಡು ಆಗ ಆರು ತಿಂಗಳೂ ಆಗಿರಲಿಲ್ಲ, ಬಿಜೆಪಿ ತನ್ನ ಅಭ್ಯರ್ಥಿಯನ್ನು ಹಾಕದೆ ಅವರಿಗೇ ಬೆಂಬಲ ಕೊಟ್ಟಿತ್ತು, ಎದುರಿಗೆ ಸೋತ ನಿಖಿಲ್ ಕೂಡ ಹೀರೋನೇ. ಇಷ್ಟೆಲ್ಲ ಇರುವಾಗ ಬರೀ ಎತ್ತುಗಳೇ ಬಂಡಿ ಎಳೆದವು ಎಂದರೆ ಹೇಗೆ?

ದೂರ ಯಾಕೆ, ನಮ್ಮ ತೇರದಾಳ ಕ್ಷೇತ್ರವನ್ನೇ ನೋಡಿ. ನಟಿ ಉಮಾಶ್ರೀ ಇಲ್ಲಿ 2008ರಲ್ಲಿ ಸೋತರು, 2013ರಲ್ಲಿ ಗೆದ್ದು ಮಂತ್ರಿಯಾದರು, 2018ರಲ್ಲಿ ಮತ್ತೆ ಸೋತರು. ಮೂರೂ ಸಲ ಅವರನ್ನು ಅಷ್ಟೇ ಜನ ಗುರುತು ಹಿಡಿಯುತ್ತಿದ್ದರು. ಬದಲಾದದ್ದು ಬೇರೆ ಏನೋ.

ಅಮೆರಿಕದ್ದು ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2008ರಲ್ಲಿ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ಬೆಂಬಲದಿಂದ ಒಬಾಮಾಗೆ ಸುಮಾರು 10 ಲಕ್ಷ ಮತ ಬಂದಿರಬಹುದು ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಆದರೆ ಅದು ಪಕ್ಷದೊಳಗೆ ಅಭ್ಯರ್ಥಿ ಆರಿಸುವ ಹಂತದಲ್ಲಿ, ಪೈಪೋಟಿಯಲ್ಲಿದ್ದವರೆಲ್ಲ ಒಂದೇ ಪಕ್ಷದವರಾಗಿದ್ದಾಗ. 2024ರಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಕಮಲಾ ಹ್ಯಾರಿಸ್‌ಗೆ ಬೆಂಬಲ ಅಂತ ಹಾಕಿದ ಲಿಂಕ್ ಒತ್ತಿ ಒಂದೇ ದಿನದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಮತದಾರರ ನೋಂದಣಿ ಮಾಹಿತಿ ಕೊಡುವ ಸರ್ಕಾರಿ ಜಾಲತಾಣಕ್ಕೆ ಹೋದರು. ಹ್ಯಾರಿಸ್ ಗೆಲ್ಲಲಿಲ್ಲ. ನನಗೆ ಅನಿಸುವುದು, ಸ್ಟಾರ್‌ಗಳು ನಮ್ಮನ್ನು ಆ ಕಡೆ ತಿರುಗಿ ನೋಡುವಂತೆ ಮಾಡಬಲ್ಲರು, ಮನಸ್ಸು ಮಾಡಿಬಿಟ್ಟವರನ್ನು ಅಲ್ಲಾಡಿಸುವುದು ಕಷ್ಟ. ಇನ್ನೂ ಮನಸ್ಸು ಮಾಡದವರು ಹುಷಾರಾಗಿರಬೇಕು. ಮೊದಲ ಸಲ ಓಟು ಹಾಕುವ ಹುಡುಗರು ಅಂದರೆ ಅವರೇ.

ದುಡ್ಡಿನ ಕಡೆಯೂ ಸ್ವಲ್ಪ ಕಣ್ಣಿಡಿ. ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ ನಿಂತವರು 40 ಲಕ್ಷ, ಲೋಕಸಭೆಗೆ ನಿಂತವರು 95 ಲಕ್ಷ ರೂಪಾಯಿ ಮೀರಿ ಖರ್ಚು ಮಾಡುವಂತಿಲ್ಲ. ಮಾನ್ಯತೆ ಪಡೆದ ಪಕ್ಷ 40 ಜನ ತಾರಾ ಪ್ರಚಾರಕರ ಪಟ್ಟಿ ಕೊಡಬಹುದು, ಅವರ ಓಡಾಟದ ಖರ್ಚು ಅಭ್ಯರ್ಥಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅಭ್ಯರ್ಥಿ ಅವರ ಜೊತೆ ವೇದಿಕೆ ಹತ್ತಿದರೆ ಆ ಸಭೆಯ ಖರ್ಚು ಅಭ್ಯರ್ಥಿ ತಲೆಗೆ ಬರುತ್ತದೆ. ಪಟ್ಟಿಯಲ್ಲಿ ಇಲ್ಲದ ನಟನಾದರೆ ಓಡಾಟದ ಖರ್ಚೂ ಸೇರುತ್ತದೆ. ಜನ ಸೇರಿಸಲು ನೋಟು, ಸೀರೆ ಹಂಚುವುದು ಕಂಡರೆ ಸಿ-ವಿಜಿಲ್ ಆಪ್‌ನಲ್ಲಿ ಅಲ್ಲೇ ಫೋಟೋ ತೆಗೆದು ಕಳಿಸಿ. 100 ನಿಮಿಷದೊಳಗೆ ಕ್ರಮ ಆಗಬೇಕು ಎನ್ನುವುದು ಚುನಾವಣಾ ಆಯೋಗದ ಲೆಕ್ಕ.

ವಾಟ್ಸಾಪ್‌ನಲ್ಲಿ ಬರುವ ಹೀರೋನನ್ನು ಮಾತ್ರ ನಂಬಲೇಬೇಡಿ. 2024ರ ಏಪ್ರಿಲ್‌ನಲ್ಲಿ ಆಮೀರ್ ಖಾನ್, ರಣವೀರ್ ಸಿಂಗ್ ಇಬ್ಬರ ನಕಲಿ ವಿಡಿಯೋಗಳು ಹರಿದಾಡಿದವು, ಇಬ್ಬರೂ ದೂರು ಕೊಟ್ಟರು. ವಿಡಿಯೋ ಬಂದರೆ ಆ ನಟರ ಸ್ವಂತ ಖಾತೆ ತೆರೆದು ನೋಡಿ, ಅಲ್ಲಿ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ. ಮತದಾನ ಮುಗಿಯುವ 48 ಗಂಟೆ ಮೊದಲು ಮೈಕ್ ಬಂದ್ ಆಗುತ್ತದಲ್ಲ, ಅವಾಗಲೇ ಫೋನ್ ಜಾಸ್ತಿ ಸದ್ದು ಮಾಡುವುದು.

ಆ ಎರಡು ದಿನದಲ್ಲಿ ಅರ್ಧ ಗಂಟೆ ತೆಗೆದು ಅಭ್ಯರ್ಥಿಯ ಪ್ರಮಾಣಪತ್ರ ಓದಿ. ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಆಸ್ತಿ, ಸಾಲ, ಕೇಸು, ಓದು ಎಲ್ಲ ಅವರೇ ಸಹಿ ಮಾಡಿ ಕೊಟ್ಟಿರುತ್ತಾರೆ. ಓದಲು ಬಾರದ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ. ನಾನು ಹಾಗೆ ಮಾಡಿದಾಗ ಕಾಕಾ ಕಂಡಿಕೆ ಸುತ್ತುತ್ತಾ ಕೂತಿದ್ದರು. ಕೇಸಿನ ಪುಟದಿಂದ ಶುರು ಮಾಡಿದೆ. ಅವರು ಕೈ ನಿಲ್ಲಿಸಲೇ ಇಲ್ಲ.

"ಅದಿರ್ಲಿ ತಮ್ಮಾ, ಅಂವಂದು ಸಾಲ ಎಷ್ಟೈತಿ, ಅದನ್ನ ಮೊದಲ ಓದು."